ಎರಡೂವರೆ ಗುಂಟೆಯ ಪಾಲು

ಆಂಗ್ಲ ಭಾಷೆಯ ‘ಅಲಾಟ್‌ಮೆಂಟ್’ ಎಂಬ ಶಬ್ದಕ್ಕೆ ಹಂಚಿಕೊಟ್ಟದ್ದು, ಪಾಲಿಗೆ ಬಂದದ್ದು ಎಂಬುದೇ ಮೂಲಾರ್ಥ. ಅದರೊಳಗಿನ ‘ಲಾಟ್’ ಎಂಬ ಅಂಗವು, ಹಂಚಿಕೆಯ ಕಾಲದಲ್ಲಿ ಯಾರಿಗೆ ಯಾವ ತುಂಡು ಎಂಬುದನ್ನು ನಿರ್ಣಯಿಸಲು ಎತ್ತುತ್ತಿದ್ದ ಚೀಟಿಯಂತಹ ಗುರುತನ್ನು ಹೇಳುತ್ತದೆ. ಇಂದು ಇಂಗ್ಲೆಂಡಿನಲ್ಲಿ ಈ ಶಬ್ದವನ್ನು ಉಚ್ಚರಿಸಿದೊಡನೆ ಕೇಳುವವರ ಕಣ್ಣಮುಂದೆ ಒಂದು ನಿಶ್ಚಿತವಾದ ಚಿತ್ರ ಮೂಡುತ್ತದೆ. ಪಟ್ಟಣದ ಅಂಚಿನಲ್ಲಿಯೋ ರೈಲು ಹಳಿಯ ಪಕ್ಕದಲ್ಲಿಯೋ ಬೇಲಿ ಹಾಕಿದ ಒಂದು ವಿಸ್ತಾರವಾದ ಜಾಗ, ಅದರೊಳಗೆ ಕಾಲುದಾರಿಗಳಿಂದ ಬೇರ್ಪಟ್ಟ ಹತ್ತಾರು ಉದ್ದನೆಯ ಪಾಲುಗಳು, ಪ್ರತಿ ಪಾಲಿನ ಮೂಲೆಯಲ್ಲಿ ಹಳೆಯ ಹಲಗೆಗಳಿಂದ ಕಟ್ಟಿದ ಒಂದು ಗುಡಿಸಲು, ಮಳೆನೀರು ಹಿಡಿಯುವ ಪೀಪಾಯಿ, ಕೋಲಿಗೆ ಹಬ್ಬಿದ ಅವರೆಯ ಜಾತಿಯ ಬಳ್ಳಿ. ಭೂಮಿ ಊರಿನದು, ದುಡಿಮೆ ಪಾಲುದಾರನದು, ಬೆಳೆ ಅವನ ಮನೆಯವರದು. ಬೇಲಿ, ಬಾಗಿಲು, ನೀರಿನ ನಲ್ಲಿ ಮಾತ್ರ ಎಲ್ಲರಿಗೂ ಸೇರಿದವು.

ಈ ಪಾಲಿನ ಅಳತೆಯೂ ಕುತೂಹಲಕರವಾದದ್ದು. ಇಂದಿಗೂ ಅಲ್ಲಿ ಇದನ್ನು ಮೀಟರಿನಲ್ಲಿ ಹೇಳುವವರಿಗಿಂತ ‘ರಾಡ್’ ಅಥವಾ ‘ಪೋಲ್’ ಎಂಬ ಹಳೆಯ ಕೋಲಿನಲ್ಲಿ ಹೇಳುವವರೇ ಹೆಚ್ಚು. ಒಂದು ಕೋಲೆಂದರೆ ಹದಿನಾರೂವರೆ ಅಡಿ. ಸಂಪೂರ್ಣ ಪಾಲೆಂದರೆ ಹತ್ತು ಚದರ ಕೋಲು, ಸುಮಾರು 253 ಚದರ ಮೀಟರು. ನಮ್ಮ ಶಾಸನಗಳಲ್ಲಿಯೂ ಗದ್ದೆ ತೋಟಗಳನ್ನು ಗಳೆಯಿಂದ ಅಳೆದು ಮತ್ತರು, ಕಮ್ಮಗಳಲ್ಲಿ ದತ್ತಿ ಬಿಟ್ಟುದನ್ನು ಕಾಣುತ್ತೇವಷ್ಟೆ. ಆದರೆ ಅದಕ್ಕಿಂತ ಹತ್ತಿರದ ನಂಟೊಂದಿದೆ. ಬ್ರಿಟಿಷರ ಕಾಲದ ಮೋಜಣಿಯು ನಮಗೆ ಬಿಟ್ಟುಹೋದ ಗುಂಟೆಯು ಮೂವತ್ತಮೂರು ಅಡಿಯ ಸರಪಣಿಯ ಚೌಕ. ಮೂವತ್ತಮೂರು ಅಡಿಯೆಂದರೆ ಸರಿಯಾಗಿ ಎರಡು ಕೋಲು. ಆದುದರಿಂದ ನಾಲ್ಕು ಚದರ ಕೋಲು ಕೂಡಿದರೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ನಮ್ಮ ಒಂದು ಗುಂಟೆ. ಲಂಡನ್ನಿನ ಕೂಲಿಕಾರನ ಹತ್ತು ಕೋಲಿನ ಪಾಲು ಧಾರವಾಡದ ರೈತನ ಬಾಯಲ್ಲಿ ಎರಡೂವರೆ ಗುಂಟೆ. ಇಷ್ಟು ನೆಲದಲ್ಲಿ ಒಂದು ಸಂಸಾರಕ್ಕೆ ವರ್ಷದ ಬಹುಭಾಗ ಕಾಯಿಪಲ್ಲೆ ದೊರೆಯುವುದೆಂಬುದು ಅವರ ಹಳೆಯ ಲೆಕ್ಕಾಚಾರ.

ಊರಿನವರು ಊರಿನ ಭೂಮಿಯನ್ನು ಹೀಗೆ ಗೇಣಿಗೆ ಪಡೆಯಬೇಕಾಗಿ ಬಂದುದೇಕೆ ಎಂಬುದನ್ನು ತಿಳಿಯದೆ, ಇಂದು ಪಾಲು ಬೇಡುವವನು ಏನನ್ನು ಬೇಡುತ್ತಿದ್ದಾನೆಂಬುದು ಅರ್ಥವಾಗದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಗೋಮಾಳ, ಕಾವಲು, ಬೀಳುನೆಲಗಳ ಮೇಲೆ ಸಾಮಾನ್ಯರಿಗೆ ವಾಡಿಕೆಯ ಹಕ್ಕುಗಳಿದ್ದುವು. ಹಸು ಮೇಯಿಸುವುದು, ಸೌದೆ ಆಯುವುದು, ಕೊಯ್ಲಾದ ಹೊಲದಲ್ಲಿ ತೆನೆ ಹಕ್ಕಲಾಯುವುದು ಇವೇ ಮುಂತಾದುವು ಬಡವನ ಜೀವನಕ್ಕೆ ಆಧಾರವಾಗಿದ್ದುವು. ‘ಎನ್‌ಕ್ಲೋಜರ್’ ಎಂಬ ಹೆಸರಿನಲ್ಲಿ ಈ ನೆಲಕ್ಕೆ ಬೇಲಿ ಬಿದ್ದಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಮಿಕ್ಕ ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕರೆಗಳನ್ನು ಹೀಗೆ ಖಾಸಗಿ ಒಡೆತನಕ್ಕೆ ಸೇರಿಸಿತು. ನ್ಯಾಯಸಮ್ಮತವಾಗಿಯೇ ನಡೆದ ಕಾರ್ಯವಿದು. ಶಾಸನ ಮಾಡಿದವರೂ ಭೂಮಿ ಪಡೆದವರೂ ಬಹುಮಟ್ಟಿಗೆ ಒಂದೇ ವರ್ಗದವರಾಗಿದ್ದುದರಿಂದ ನ್ಯಾಯಕ್ಕೆ ಕೊರತೆಯಾಗಲಿಲ್ಲ!

ಇದನ್ನು ಪ್ರತಿಭಟಿಸಿದವರಿಲ್ಲವೆಂದಲ್ಲ. 1649ರ ಏಪ್ರಿಲ್ ತಿಂಗಳಲ್ಲಿ ಜೆರಾರ್ಡ್ ವಿನ್‌ಸ್ಟ್ಯಾನ್ಲಿ ಎಂಬಾತನೂ ಅವನ ಸಂಗಡಿಗರೂ ಸರೇ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದ ಬೀಳುನೆಲವನ್ನು ಅಗೆದು ಗಜ್ಜರಿ, ಅವರೆ ಮೊದಲಾದುವನ್ನು ಬಿತ್ತಿದರು. ಭೂಮಿ ಸರ್ವರಿಗೂ ಸೇರಿದ ಭಂಡಾರವೆಂಬುದು ಅವರ ವಾದ. ‘ಡಿಗ್ಗರ್ಸ್’, ಅಂದರೆ ಅಗೆಯುವವರು, ಎಂದೇ ಅವರಿಗೆ ಹೆಸರಾಯಿತು. ಕೆಲವೇ ತಿಂಗಳುಗಳಲ್ಲಿ ಅವರನ್ನು ಹೊಡೆದೋಡಿಸಲಾಯಿತು. ಆದರೆ ಸನಿಕೆ ಹಿಡಿದು ನೆಲ ಕೇಳುವುದೆಂಬ ಸಂಪ್ರದಾಯಕ್ಕೆ ಅವರೇ ಆದ್ಯರೆನ್ನಬಹುದು.

ದಯೆಯಿಂದ ಸ್ವಲ್ಪ ನೆಲ ಕೊಡುವ ಪದ್ಧತಿ ತರುವಾಯ ಪ್ರಾರಂಭವಾಯಿತು. ವಿಲ್ಟ್‌ಶೈರ್ ಪ್ರಾಂತದ ಗ್ರೇಟ್ ಸಾಮರ್ಫರ್ಡ್ ಎಂಬ ಹಳ್ಳಿಯಲ್ಲಿ 1809ರಲ್ಲಿ, ಅಲ್ಲಿಯ ಪಾದ್ರಿ ಸ್ಟೀಫನ್ ಡೆಮೇನ್‌ಬ್ರೇ ಎಂಬವನ ಪ್ರಯತ್ನದಿಂದ, ಬೇಲಿ ಬೀಳುವ ಸಮಯದಲ್ಲಿಯೇ ಬಡವರಿಗಾಗಿ ತೋಟದ ನೆಲವನ್ನು ಪ್ರತ್ಯೇಕವಾಗಿ ತೆಗೆದಿಡಲಾಯಿತು. ಇಂತಹ ತೋಟಗಳಲ್ಲಿ ಇದು ಅತ್ಯಂತ ಹಳೆಯವುಗಳಲ್ಲಿ ಒಂದೆಂದು ಪ್ರತೀತಿ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ದಂಗೆಯೆದ್ದು ಒಕ್ಕಣೆ ಯಂತ್ರಗಳನ್ನು ಮುರಿದು ಬಣವೆಗಳಿಗೆ ಬೆಂಕಿಯಿಟ್ಟ ಮೇಲೆ ಜಮೀನುದಾರರ ದಯೆ ಇನ್ನಷ್ಟು ಹೆಚ್ಚಿತು. ಆದರೂ ಅನೇಕ ರೈತ ಯಜಮಾನರು ಇದಕ್ಕೆ ಅಡ್ಡಬಂದರು. ಕೂಲಿಯವನು ತನ್ನ ಪಾಲಿನಲ್ಲಿ ದುಡಿದು ದಣಿದರೆ ಮರುದಿನ ಯಜಮಾನನ ಹೊಲದಲ್ಲಿ ದುಡಿಯಲಾರನು, ಬಿತ್ತನೆ ಬೀಜವನ್ನು ಯಜಮಾನನ ಕಣಜದಿಂದಲೇ ಕದ್ದೊಯ್ಯುವನು ಎಂಬುದು ಅವರ ಆತಂಕ. ಆ ಕಾಲದ ಕರಾರುಗಳಲ್ಲಿ ಭಾನುವಾರ ಪಾಲಿನಲ್ಲಿ ಕೆಲಸ ಮಾಡಕೂಡದು, ಚರ್ಚಿಗೆ ತಪ್ಪದೆ ಹೋಗತಕ್ಕದ್ದು, ನೇಗಿಲು ಹೂಡದೆ ಸನಿಕೆಯಿಂದಲೇ ಸಾಗುವಳಿ ಮಾಡತಕ್ಕದ್ದು ಎಂಬ ಷರತ್ತುಗಳಿರುತ್ತಿದ್ದುವು.

ದಯೆಯು ಹಕ್ಕಾಗಿ ಮಾರ್ಪಟ್ಟದ್ದು ಮತದಾನದ ಬಲದಿಂದ. 1884ರ ಶಾಸನದಿಂದ ಹಳ್ಳಿಯ ಕೂಲಿಕಾರರಲ್ಲಿ ಬಹುಮಂದಿಗೆ ಮತಾಧಿಕಾರ ದೊರೆಯಿತು. 1886ರ ಜನವರಿಯಲ್ಲಿ ಜೆಸ್ಸಿ ಕಾಲಿಂಗ್ಸ್ ಎಂಬ ಸದಸ್ಯನು ಕೂಲಿಕಾರರಿಗೆ ತುಂಡುಭೂಮಿ ಒದಗಿಸುವ ವಿಷಯವಾಗಿ ತಂದ ಒಂದು ತಿದ್ದುಪಡಿಯು ಸಭೆಯಲ್ಲಿ ಅಂಗೀಕೃತವಾಗಿ, ಲಾರ್ಡ್ ಸಾಲ್ಸ್‌ಬರಿಯ ಸರಕಾರವೇ ಉರುಳಿತು. ಬದನೆ ಮೂಲಂಗಿ ಬೆಳೆಯುವ ನೆಲಕ್ಕಾಗಿ ಒಂದು ಸಾಮ್ರಾಜ್ಯದ ಮಂತ್ರಿಮಂಡಲ ಬಿದ್ದುಹೋದ ಉದಾಹರಣೆ ಬೇರೆಡೆ ಸಿಗುವುದು ದುರ್ಲಭ. ಮರುವರ್ಷವೇ 1887ರ ಅಲಾಟ್‌ಮೆಂಟ್ ಶಾಸನ ಬಂದಿತು. 1908ರ ಶಾಸನವು ಹಿಂದಿನವನ್ನೆಲ್ಲ ಕ್ರೋಢೀಕರಿಸಿತು. ಇಂದಿಗೂ ಆಧಾರವಾಗಿರುವುದು ಅದೇ. ಅದರ ಪ್ರಕಾರ ಒಂದು ಪ್ರದೇಶದ ಆರು ಮಂದಿ ಮತದಾರರು ಅಥವಾ ತೆರಿಗೆದಾರರು ಸೇರಿ ಲಿಖಿತ ಮನವಿ ಕೊಟ್ಟರೆ ಸ್ಥಳೀಯ ಸಂಸ್ಥೆಯು ಅದನ್ನು ಪರಿಗಣಿಸಲೇಬೇಕು, ಅಗತ್ಯ ಕಂಡುಬಂದರೆ ನೆಲ ಒದಗಿಸಲೇಬೇಕು. ಲಂಡನ್ನಿನ ಒಳಭಾಗದ ಸಂಸ್ಥೆಗಳಿಗೆ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿಯುಂಟು.

ಎರಡು ಮಹಾಯುದ್ಧಗಳ ಕಥೆ ಬಹುಮಂದಿಗೆ ತಿಳಿದದ್ದೇ. ಸಮುದ್ರಮಾರ್ಗಕ್ಕೆ ತಡೆ ಬಿದ್ದು ಆಹಾರ ತರಿಸುವುದು ದುಸ್ತರವಾದಾಗ ಸರಕಾರವೇ ಜನರನ್ನು ತೋಟಕ್ಕೆ ಕರೆಯಿತು. ಎರಡನೆಯ ಯುದ್ಧಕಾಲದಲ್ಲಿ ಲಂಡನ್ ಗೋಪುರದ ಕೋಟೆಯ ಕಂದಕದಲ್ಲಿಯೂ ಕಾಯಿಪಲ್ಲೆ ಬೆಳೆದರು. ಪಾಲುಗಳ ಸಂಖ್ಯೆ ಸುಮಾರು ಹದಿನಾಲ್ಕು ಲಕ್ಷಕ್ಕೇರಿತು. ಶಾಂತಿ ಬಂದೊಡನೆ ಮನೆಗಳಿಗಾಗಿ, ಕಾರ್ಖಾನೆಗಳಿಗಾಗಿ ನೆಲ ಬೇಕಾಯಿತು, ತೋಟ ಬೇಡವಾಯಿತು. ಈಗ ಉಳಿದಿರುವುದು ಸುಮಾರು ಮೂರು ಲಕ್ಷವೆಂದು ಅಂದಾಜು. ಅದಕ್ಕಾಗಿ ಕಾದು ನಿಂತವರ ಸಾಲು ಮಾತ್ರ ಬಹಳ ಉದ್ದ.

ಪ್ರಕೃತ, ಹೊಸಬನೊಬ್ಬನು ಪಾಲು ಪಡೆಯುವ ಬಗೆ ಹೇಗೆಂದು ನೋಡೋಣ. ನಗರಸಭೆಗೆ ಅಥವಾ ಹಳ್ಳಿಯಾದರೆ ಪ್ಯಾರಿಷ್ ಸಭೆಗೆ ಅರ್ಜಿ ಹಾಕಬೇಕು. ಕೆಲವೆಡೆ ತೋಟಗಾರರ ಸಂಘವೇ ಆಡಳಿತ ನಡೆಸುತ್ತದೆ. ಹೆಸರು ಕಾಯುವವರ ಪಟ್ಟಿಯಲ್ಲಿ ಸೇರುತ್ತದೆ. ಕೆಲವು ಊರುಗಳಲ್ಲಿ ಕೆಲವು ತಿಂಗಳು, ದೊಡ್ಡ ನಗರಗಳಲ್ಲಿ ಅನೇಕ ವರ್ಷ ಕಾಯಬೇಕಾದೀತು. ಪಟ್ಟಿಯನ್ನು ಕರಗಿಸಲು ಹಲವು ಸಂಸ್ಥೆಗಳು ಹತ್ತು ಕೋಲಿನ ಪಾಲನ್ನು ಎರಡಾಗಿ ಸೀಳಿ ಐದೈದು ಕೋಲು ಕೊಡುತ್ತಿವೆ. ಹಳಬರಿಗೆ ಇದು ಸರಿಬರುವುದಿಲ್ಲ. ಆದರೆ ಮೊದಲ ಸಲ ಸನಿಕೆ ಹಿಡಿಯುವವನಿಗೆ ಅರ್ಧ ಪಾಲೇ ಹಿತ. ಪೂರ್ಣ ಪಾಲು ಪಡೆದು ಎರಡನೆಯ ವರ್ಷಕ್ಕೆ ಕೈಚೆಲ್ಲಿ ಹೋದವರ ಬೀಳುನೆಲವೇ ಮುಂದಿನವನಿಗೆ ಸಿಗುವ ಪಾಲು.

ಹೌದು, ಹೊಸಬನ ಕೈಗೆ ಬರುವುದು ಹದಮಾಡಿದ ಮಡಿಗಳಲ್ಲ. ಎದೆಮಟ್ಟದ ಮುಳ್ಳುಪೊದೆ, ಒಡೆದ ಗಾಜು, ತುಕ್ಕು ಹಿಡಿದ ತಂತಿ, ಇವುಗಳ ಕೆಳಗೆ ಕೌಚ್ ಎಂಬ ಹುಲ್ಲು. ಈ ಹುಲ್ಲನ್ನು ನಮ್ಮ ಗರಿಕೆಯ ದಾಯಾದಿಯೆಂದೇ ಭಾವಿಸಬಹುದು. ಮೇಲೆ ಸಾಧುವಾಗಿ ಕಾಣುವ ಇದರ ಬಿಳಿಯ ಬೇರುಕಾಂಡವು ನೆಲದೊಳಗೆ ಸೂಜಿಯಂತೆ ಚುಚ್ಚಿಕೊಂಡು ಹರಿಯುತ್ತದೆ. ಆಲೂಗಡ್ಡೆಯನ್ನೇ ತೂರಿಕೊಂಡು ಹೋಗುವುದೂ ಉಂಟು. ಇಲ್ಲಿ ಹೊಸಬರು ಮಾಡುವ ಮಹಾಪ್ರಮಾದವೊಂದಿದೆ. ಬಾಡಿಗೆಗೆ ಯಂತ್ರವೊಂದನ್ನು ತಂದು ಅರ್ಧ ದಿನದಲ್ಲಿ ಇಡೀ ಪಾಲನ್ನು ಉತ್ತುಬಿಡುತ್ತಾರೆ. ಸಾಯಂಕಾಲಕ್ಕೆ ನೆಲ ರವೆಯಂತೆ ಸೊಗಸಾಗಿ ಕಾಣುತ್ತದೆ. ಆದರೆ ಯಂತ್ರದ ಅಲಗು ಒಂದು ಬೇರನ್ನು ನೂರು ತುಂಡು ಮಾಡಿರುತ್ತದೆ, ಕಣ್ಣುಳ್ಳ ಪ್ರತಿಯೊಂದು ತುಂಡೂ ಒಂದೊಂದು ಗಿಡವಾಗುತ್ತದೆ. ಆರು ವಾರಗಳಲ್ಲಿ ಮೊದಲಿಗಿಂತ ದಟ್ಟವಾದ ಹುಲ್ಲು. ಬೈಂಡ್‌ವೀಡ್ ಎಂಬ ಬಿಳಿ ಹೂವಿನ ಹಂಬು ಇದಕ್ಕಿಂತ ಆಳಕ್ಕೆ ಬೇರಿಳಿಸಿರುತ್ತದೆ. ಅದನ್ನು ನಿರ್ಮೂಲ ಮಾಡುವ ಆಸೆ ಬಿಟ್ಟು, ಚಿಗುರಿದಾಗಲೆಲ್ಲ ಕಿತ್ತು ಸೊರಗಿಸುವುದೊಂದೇ ದಾರಿ.

ಅನುಭವಸ್ಥರು ಹೇಳುವ ಕ್ರಮ ಇದು. ಮೊದಲು ಮುಳ್ಳು, ಪೊದೆಗಳನ್ನು ಸವರಿ ಪಾಲಿನ ಮುಕ್ಕಾಲು ಭಾಗಕ್ಕೆ ಬೆಳಕು ಹೋಗದಂತೆ ದಪ್ಪ ಕರಿಯ ಹಾಳೆಯನ್ನೋ ರಟ್ಟನ್ನೋ ಹೊದಿಸಿ ಅಂಚಿಗೆ ಕಲ್ಲು ಹೇರಬೇಕು. ಹಿಂದೆ ಹಳೆಯ ಜಮಖಾನೆ ಹಾಸುತ್ತಿದ್ದರು. ಅದರ ನೂಲು, ಬಣ್ಣ, ಅಂಟುಗಳು ಮಣ್ಣಿಗೆ ಸೇರುತ್ತವೆಂದು ಈಗ ಬಹುಪಾಲು ತೋಟಗಳಲ್ಲಿ ನಿಷಿದ್ಧ. ಉಳಿದ ಕಾಲುಭಾಗವನ್ನು ಮಾತ್ರ ನಾಲ್ಕು ಹಲ್ಲಿನ ಕವೆಗೋಲಿನಂತಹ ಫೋರ್ಕಿನಿಂದ ಅಗೆದು, ಬೇರನ್ನು ಕತ್ತರಿಸದೆ ಎಳೆದೆಳೆದು ತೆಗೆಯಬೇಕು. ಸನಿಕೆ ಕತ್ತರಿಸುತ್ತದೆ, ಫೋರ್ಕು ಎತ್ತುತ್ತದೆ. ಈ ಭೇದ ತಿಳಿದವನಿಗೆ ಅರ್ಧ ಶ್ರಮ ಉಳಿಯಿತು. ತೆಗೆದ ಬೇರನ್ನು ತಿಪ್ಪೆಗೆ ಹಾಕಕೂಡದು. ಬಿಸಿಲಿಗೆ ಒಣಗಿಸಬೇಕು, ಅಥವಾ ನೀರಿನಲ್ಲಿ ಕೊಳೆಹಾಕಬೇಕು. ಮೇಲೆ ರಟ್ಟು ಹಾಸಿ ಅದರ ಮೇಲೆ ಗೇಣುದ್ದ ಗೊಬ್ಬರ ಸುರಿದು ಅಗೆಯದೆಯೇ ಬೆಳೆಯುವ ಪದ್ಧತಿಗೂ ಈಗ ಅನುಯಾಯಿಗಳು ಹೆಚ್ಚಿದ್ದಾರೆ. ಎರಡು ಪಂಥಗಳ ನಡುವಣ ವಾಗ್ವಾದ ದ್ವೈತಾದ್ವೈತಗಳ ವಾದಕ್ಕೆ ಕಡಿಮೆಯದಲ್ಲ. ಮಣ್ಣು ಮಾತ್ರ ಎರಡು ಪಕ್ಷಕ್ಕೂ ಬೆಳೆ ಕೊಡುತ್ತದೆ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಕುದುರೆ ಲಾಯದಿಂದ, ದನದ ಕೊಟ್ಟಿಗೆಯಿಂದ ಬರುವ ಗೊಬ್ಬರ ಸರ್ವಥಾ ಶ್ರೇಷ್ಠವೆಂದು ಎಲ್ಲರೂ ನಂಬಿದ್ದರು. 2008ರಲ್ಲಿ ಬ್ರಿಟನ್ನಿನ ಅನೇಕ ತೋಟಗಳಲ್ಲಿ ಆಲೂಗಡ್ಡೆ, ಟೊಮ್ಯಾಟೊ, ಹುರುಳಿಕಾಯಿಗಳ ಎಲೆಗಳು ಮುದುಡಿ ತಿರುಚಿಕೊಂಡು ಬೆಳೆ ಕೆಟ್ಟುಹೋಯಿತು. ಕಾರಣ ವಿಚಾರಿಸಲಾಗಿ, ಹುಲ್ಲುಗಾವಲಿನ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಸಿಂಪಡಿಸಿದ ಅಮೈನೊಪೈರಲಿಡ್ ಎಂಬ ಔಷಧವು ಆ ಹುಲ್ಲನ್ನು ತಿಂದ ಪಶುವಿನ ಹೊಟ್ಟೆಯಲ್ಲಿಯೂ ನಾಶವಾಗದೆ, ಸಗಣಿ ಲದ್ದಿಗಳಲ್ಲಿ ಹಾಗೆಯೇ ಉಳಿದು ತೋಟ ಸೇರಿತ್ತೆಂದು ಗೊತ್ತಾಯಿತು. ಕೆಲಕಾಲ ಅದರ ಮಾರಾಟವನ್ನು ತಡೆದು, ತರುವಾಯ ಕಟ್ಟುಪಾಡುಗಳೊಡನೆ ಮತ್ತೆ ಅನುಮತಿ ಕೊಟ್ಟರು. ಅಂದಿನಿಂದ ಜಾಣರು ಹೊಸ ಗೊಬ್ಬರ ಬಂದರೆ ಒಂದು ಕುಂಡದಲ್ಲಿ ಅದನ್ನು ಮಣ್ಣಿನೊಡನೆ ಬೆರೆಸಿ ನಾಲ್ಕು ಅವರೆಕಾಳು ಹಾಕಿ ನೋಡುತ್ತಾರೆ. ಸಸಿಯ ಎಲೆ ನೇರವಾಗಿ ಬಿಚ್ಚಿದರೆ ಗೊಬ್ಬರ ಶುದ್ಧ.

ಬೆಳೆಯ ಕಾಲಮಾನ ನಮ್ಮದರಂತಲ್ಲ. ನಮ್ಮ ರೈತನು ಮಳೆಯ ನಕ್ಷತ್ರ ನೋಡಿ ಬಿತ್ತುವಂತೆ ಅವನು ಹಿಮ ನೋಡಿ ಬಿತ್ತಬೇಕು. ಮೇ ತಿಂಗಳ ಮಧ್ಯದವರೆಗೂ ಒಂದು ರಾತ್ರಿಯ ಹಿಮವು ಎಳೆಯ ಬಳ್ಳಿಗಳನ್ನು ಕಪ್ಪಾಗಿಸಿಬಿಡಬಲ್ಲದು. ಫೆಬ್ರವರಿಯಲ್ಲಿ ಬಿತ್ತನೆ ಆಲೂಗಡ್ಡೆಯನ್ನು ಬೆಳಕಿನಲ್ಲಿಟ್ಟು ಮೊಳಕೆ ಬರಿಸುತ್ತಾರೆ. ಗುಡ್ ಫ್ರೈಡೇ ದಿನ ಅದನ್ನು ನೆಡುವುದು ಹಳೆಯ ವಾಡಿಕೆ. ಆ ಹಬ್ಬವೋ ಚಂದ್ರಮಾನವನ್ನನುಸರಿಸಿ ಮಾರ್ಚಿ ಏಪ್ರಿಲ್‌ಗಳ ನಡುವೆ ಒಂದು ತಿಂಗಳಷ್ಟು ಹಿಂದುಮುಂದಾಗುವುದರಿಂದ ಆಲೂಗಡ್ಡೆಗೆ ಪಂಚಾಂಗ ಸಾಕಾಗದು, ಮಣ್ಣಿನ ಬಿಸಿಯನ್ನು ಕೈಯಿಂದ ಮುಟ್ಟಿಯೇ ನೋಡಬೇಕು. ಹೊಸನೆಲಕ್ಕೆ ಮೊದಲ ಬೆಳೆಯಾಗಿ ಆಲೂಗಡ್ಡೆಯನ್ನು ಹೇಳುವುದಕ್ಕೆ ಕಾರಣವುಂಟು. ನೆಡುವಾಗ, ಏರು ಹಾಕುವಾಗ, ಕೀಳುವಾಗ ಹೀಗೆ ಮೂರು ಸಲ ಮಣ್ಣು ಮಗುಚುವುದರಿಂದ ಕಳೆ ತಾನಾಗಿ ಸೋಲುತ್ತದೆ. ಗಿಡವಲ್ಲ, ಗಿಡಕ್ಕಾಗಿ ದುಡಿದವನ ಕೈ ನೆಲವನ್ನು ಶುದ್ಧಿಮಾಡುತ್ತದೆ. ಜುಲೈ ತಿಂಗಳ ಬೆಚ್ಚನೆಯ ತೇವದ ದಿನಗಳಲ್ಲಿ ಅಂಗಮಾರಿ ರೋಗ ಬಂದರೆ ಒಂದು ವಾರದಲ್ಲಿ ತೋಟವೆಲ್ಲ ಕೊಳೆತುಹೋಗುತ್ತದೆ. 1845ರ ತರುವಾಯ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಇದೇ ರೋಗ. ರೋಗ ಕಂಡೊಡನೆ ಎಲೆಕಾಂಡಗಳನ್ನು ಕೊಯ್ದು ತೆಗೆದು, ಗಡ್ಡೆಯನ್ನು ಎರಡು ವಾರ ನೆಲದಲ್ಲಿಯೇ ಬಿಟ್ಟು ಕೀಳಬೇಕು. ಇಲ್ಲಿ ಉದಾಸೀನ ಮಾಡಿದವನು ತನ್ನೊಬ್ಬನ ಬೆಳೆಯನ್ನಲ್ಲ, ಗಾಳಿಯ ದಿಕ್ಕಿನಲ್ಲಿರುವ ಎಲ್ಲ ನೆರೆಯವರ ಬೆಳೆಯನ್ನೂ ಕೆಡಿಸಿದಂತೆ.

ಎಲೆಕೋಸಿನ ಜಾತಿಗೆ ಬರುವ ಬೇರುಗಂಟಿನ ರೋಗವೂ ಇಂತಹದೇ. ಅದರ ಬೀಜಾಣುಗಳು ಹತ್ತಾರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿದ್ದು, ಬೂಟಿನ ಅಡಿಗೆ ಅಂಟಿಕೊಂಡು ಪಾಲಿನಿಂದ ಪಾಲಿಗೆ ಹೋಗುತ್ತವೆ. ಆದುದರಿಂದ ಹಳಬನು ನೆರೆಯ ಪಾಲಿಗೆ ಕಾಲಿಡುವ ಮುನ್ನ ಬೂಟಿನ ಮಣ್ಣು ಕೆರೆದುಕೊಳ್ಳುತ್ತಾನೆ. ಮಣ್ಣು ಹುಳಿಯಾಗಿದ್ದರೆ ಈ ರೋಗ ಹೆಚ್ಚು. ಸುಣ್ಣ ಹಾಕಿದರೆ ತಗ್ಗುತ್ತದೆ. ಆದರೆ ಅದೇ ಸುಣ್ಣದ ನೆಲದಲ್ಲಿ ಆಲೂಗಡ್ಡೆಗೆ ಕಜ್ಜಿ ಏಳುತ್ತದೆ. ಈ ಕಾರಣಗಳಿಂದಲೇ ದ್ವಿದಳ, ಕೋಸು, ಗೆಡ್ಡೆ, ಆಲೂಗಡ್ಡೆ ಎಂದು ನಾಲ್ಕು ಭಾಗ ಮಾಡಿ ವರ್ಷಕ್ಕೊಮ್ಮೆ ಸರದಿ ಬದಲಿಸುವ ಪದ್ಧತಿ ಬೆಳೆದುಬಂದಿದೆ. ಚಿಪ್ಪಿಲ್ಲದ ಬಸವನಹುಳುವಿನ ಉಪದ್ರವಕ್ಕೆ ಮಾತ್ರ ಯಾವ ಸರದಿಯೂ ತಾಗದು. ರಾತ್ರಿ ಕಂದೀಲು ಹಿಡಿದು ಆಯುವುದೇ ಇಂದಿಗೂ ಉತ್ತಮ ಉಪಾಯ.

ಕರಾರಿನ ಷರತ್ತುಗಳಲ್ಲಿ ಮುಖ್ಯವಾದದ್ದು ಪಾಲಿನ ಬಹುಭಾಗ ಸಾಗುವಳಿಯಲ್ಲಿರಬೇಕೆಂಬುದು. ಎಷ್ಟು ಭಾಗವೆಂಬುದನ್ನು ಆಯಾ ಸಂಸ್ಥೆ ನಿಗದಿಪಡಿಸುತ್ತದೆ. ಬೆಳೆ ಮನೆಬಳಕೆಗೇ ಹೊರತು ವ್ಯಾಪಾರಕ್ಕಲ್ಲ. 1950ರ ಶಾಸನವು ಕೋಳಿ, ಮೊಲಗಳನ್ನು ಸಾಕಲು ಅವಕಾಶ ಕೊಟ್ಟು, ಹುಂಜವನ್ನು ಮಾತ್ರ ಹೊರಗಿಟ್ಟಿದೆ. ಸುತ್ತಲಿನ ಮನೆಯವರ ಮುಂಜಾವಿನ ನಿದ್ರೆಯ ಮೇಲೆ ಶಾಸನಕರ್ತರಿಗಿದ್ದ ಕರುಣೆಯನ್ನು ಇಲ್ಲಿ ಕಾಣಬಹುದು. ಪಾಲು ಹಾಳುಬಿದ್ದರೆ ಮೊದಲು ಎಚ್ಚರಿಕೆಯ ಪತ್ರ, ಆಮೇಲೆ ತೆರವಿನ ನೋಟೀಸು. ಇದು ಕಠಿಣವೆಂದು ತೋರಿದರೂ, ಒಬ್ಬನ ಪಾಲಿನಲ್ಲಿ ತೆನೆಬಿಟ್ಟ ಕಳೆಯ ಬೀಜ ಹತ್ತು ಪಾಲುಗಳಿಗೆ ಹಾರುವುದೆಂಬುದನ್ನೂ ಬೇಲಿಯಾಚೆ ವರ್ಷಗಟ್ಟಲೆ ಕಾದವರಿರುವರೆಂಬುದನ್ನೂ ನೆನೆದರೆ ಅನ್ಯಾಯವೆನಿಸದು. ಕಾಯಿಲೆ ಬಿದ್ದವನ ಪಾಲಿಗೆ ನೋಟೀಸು ಬರುವುದಕ್ಕೆ ಮೊದಲೇ ಅಕ್ಕಪಕ್ಕದವರು ಹೋಗಿ ಕಳೆ ಕಿತ್ತು ನೀರೆರೆಯುವ ವಾಡಿಕೆಯೂ ಉಂಟು. ಅದು ಯಾವ ಕರಾರಿನಲ್ಲಿಯೂ ಬರೆದಿಲ್ಲ.

ಲೆಸ್ಟರ್, ಬರ್ಮಿಂಗ್‌ಹ್ಯಾಮ್ ಮೊದಲಾದ ಪಟ್ಟಣಗಳ ತೋಟಗಳಲ್ಲಿ ಈಗ ಕೊತ್ತಂಬರಿ, ಮೆಂತ್ಯದ ಮಡಿಗಳೂ ಸೋರೆಯ ಚಪ್ಪರಗಳೂ ಗಾಜಿನ ಮನೆಯೊಳಗೆ ಮೆಣಸಿನ ಗಿಡಗಳೂ ಕಾಣುತ್ತವೆ. ಭಾರತದಿಂದಲೂ ಪೂರ್ವ ಆಫ್ರಿಕದಿಂದಲೂ ಹೋಗಿ ನೆಲೆಸಿದ ಕುಟುಂಬಗಳ ಹಿರಿಯರು ಬೆಳೆದವು ಇವು. ಭಾಷೆ ಸರಿಯಾಗಿ ಬಾರದ ಮುದುಕಿಯೊಬ್ಬಳು ಒಂದು ಹಿಡಿ ಮೆಂತ್ಯದ ಸೊಪ್ಪು ಕೊಟ್ಟು ಒಂದು ಕಟ್ಟು ರೂಬಾರ್ಬ್ ತೆಗೆದುಕೊಳ್ಳುವುದಕ್ಕೆ ದುಭಾಷಿ ಬೇಕಾಗುವುದಿಲ್ಲ. ಜೂನ್ ತಿಂಗಳಲ್ಲಿ ಹದಿನಾರು ಗಂಟೆಗೂ ಮಿಕ್ಕ ಹಗಲಿರುವ ಆ ದೇಶದಲ್ಲಿ ಕೊತ್ತಂಬರಿ ಬೇಗನೆ ಹೂವಿಗೆ ಬಂದುಬಿಡುತ್ತದೆ. ಅದಕ್ಕಾಗಿ ಅವರು ಅದನ್ನು ಬೇಸಿಗೆ ಇಳಿಯುವ ಹೊತ್ತಿಗೆ ಬಿತ್ತಲು ಕಲಿತಿದ್ದಾರೆ.

ಇಷ್ಟೆಲ್ಲ ದುಡಿದು ಹದಮಾಡಿದ ನೆಲ ಎಷ್ಟು ಕಾಲ ಉಳಿದೀತು? ಪಾಲು ಹಿಡಿಯುವವನು ರುಜು ಹಾಕುವ ಮೊದಲು ಕೇಳಲೇಬೇಕಾದ, ಆದರೆ ಬಹುಮಂದಿ ಕೇಳದ ಪ್ರಶ್ನೆಯಿದು. ಶಾಸನದ ದೃಷ್ಟಿಯಲ್ಲಿ ತೋಟಗಳು ಎರಡು ಬಗೆ. ಸ್ಥಳೀಯ ಸಂಸ್ಥೆಯು ತೋಟಕ್ಕೆಂದೇ ಕೊಂಡ ಅಥವಾ ಮೀಸಲಿಟ್ಟ ನೆಲ ಶಾಸನಬದ್ಧವಾದದ್ದು. ಅದನ್ನು ಮಾರಲು, ಬೇರೆ ಉಪಯೋಗಕ್ಕೆ ತಿರುಗಿಸಲು 1925ರ ಶಾಸನದ ಪ್ರಕಾರ ಮಂತ್ರಿಯ ಅನುಮತಿ ಬೇಕು, ತೆರವಾದವರಿಗೆ ಬೇರೆ ನೆಲದ ಏರ್ಪಾಟೂ ಸಾಮಾನ್ಯವಾಗಿ ಆಗಬೇಕು. ಬೇರಾವುದೋ ಕಾರ್ಯಕ್ಕೆಂದು ಕೊಂಡು ಸದ್ಯಕ್ಕೆ ತೋಟವಾಗಿ ಬಿಟ್ಟಿರುವ ನೆಲ ‘ತಾತ್ಕಾಲಿಕ’ವೆನಿಸುತ್ತದೆ. ಎಂಬತ್ತು ವರ್ಷ ಸಾಗುವಳಿಯಾಗಿದ್ದರೂ ಅದು ತಾತ್ಕಾಲಿಕವೇ, ಅದಕ್ಕೆ ಆ ರಕ್ಷಣೆಯಿಲ್ಲ. ಖಾಸಗಿ ಒಡೆಯರ ನೆಲದ್ದೂ ಹಾಗೆಯೇ. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ಪ್ರದೇಶದಲ್ಲಿ, ಎರಡು ಜಲಮಾರ್ಗಗಳ ನಡುವಣ ನೆಲದಲ್ಲಿ, ‘ಮ್ಯಾನರ್ ಗಾರ್ಡನ್ಸ್’ ಎಂಬ ತೋಟವೊಂದಿತ್ತು. ಕಾರ್ಖಾನೆಗಳ ನಡುವಣ ಆ ಹಸುರಿನಲ್ಲಿ ತಲೆಮಾರುಗಳಿಂದ ಸಾಗುವಳಿ ನಡೆದಿತ್ತು. 2012ರ ಒಲಿಂಪಿಕ್ ಕ್ರೀಡೆಗಳ ಅಂಗಳಕ್ಕೆ ಆ ನೆಲ ಬೇಕೆಂದಾಯಿತು. ಪಾಲುದಾರರು ತಮ್ಮ ತೋಟವನ್ನು ಕ್ರೀಡಾಂಗಣದೊಳಗೇ ಉಳಿಸಿಕೊಳ್ಳಬೇಕೆಂದು ಹೋರಾಡಿದರು. ಫಲವಾಗಲಿಲ್ಲ. 2007ರ ಶರತ್ಕಾಲದಲ್ಲಿ ಅವರನ್ನು ಲೇಟನ್ ಭಾಗದ ಮಾರ್ಷ್ ಲೇನಿಗೆ ಸಾಗಹಾಕಲಾಯಿತು. ಹೊಸ ನೆಲದಲ್ಲಿ ಅವರು ಮತ್ತೆ ಮೊದಲ ಸಾಲು ಅಗೆಯುವುದರಿಂದ ಪ್ರಾರಂಭಿಸಬೇಕಾಯಿತು.

ಶಾಸನಬದ್ಧ ತೋಟದಲ್ಲಿಯೂ ಪಾಲುದಾರನನ್ನು ಬಿಡಿಸಬೇಕಾದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ನೋಟೀಸು ಕೊಡಬೇಕು. ಆ ಅವಧಿ ಏಪ್ರಿಲ್ 6ರ ಒಳಗೆ ಇಲ್ಲವೆ ಸೆಪ್ಟೆಂಬರ್ 29ರ ನಂತರವೇ ಮುಗಿಯತಕ್ಕದ್ದು. ಬಿತ್ತಿದವನಿಗೆ ಕೊಯ್ಯುವ ಅವಕಾಶ ತಪ್ಪಬಾರದೆಂದು ಈ ಎರಡು ದಿನಗಳನ್ನು ಶಾಸನದಲ್ಲಿ ಸೇರಿಸಲಾಗಿದೆ.